ತಂತಿಗೆ ಮಾತನ್ನು ಒಪ್ಪಿಸುವ ಚಿಪ್ಪು

ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದೊಡನೆ ಶಾಲೆಯ ಕಟ್ಟಡ, ಪರೀಕ್ಷೆಯ ಫಲಿತಾಂಶ, ದಾನಿಗಳ ಉಪಕಾರಸ್ಮರಣೆ ಇವನ್ನೇ ನಮ್ಮ ವಾಚಕಿಯರು ಎದುರುನೋಡುವುದು ಸಹಜವಾಗಿದೆ. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ವಿಸ್ತಾರವಾಗಿ ಬಂದಿರುವುದರಿಂದ ನಾನು ಈ ಸಲ ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ವಿಜ್ಞಾನ ಸಂಘದ ಮಳೆಮಾಪಕದ ಪೆಟ್ಟಿಗೆಯೊಳಗೆ ಕುಳಿತಿರುವ ಒಂದು ಸಣ್ಣ ಕರಿಯ ವಸ್ತು. ಅದರ ಎರಡು ಪಕ್ಕಗಳಲ್ಲಿಯೂ ಹದಿನಾಲ್ಕು ಹದಿನಾಲ್ಕರಂತೆ ಲೋಹದ ಕಾಲುಗಳುಂಟು. ಮೊದಲ ಸಲ ನೋಡಿದವರಿಗೆ ಸತ್ತ ಜರಿಹುಳುವಿನ ನೆನಪಾದರೆ ಆಶ್ಚರ್ಯವಿಲ್ಲ. ಇಂಗ್ಲಿಷಿನಲ್ಲಿ ಇದನ್ನು ಚಿಪ್ ಎನ್ನುವರು. ನಮ್ಮ ಹುಡುಗಿಯರು ಕನ್ನಡದ ವಾಡಿಕೆಯಂತೆ ಕೊನೆಗೊಂದು ಉಕಾರವನ್ನು ಸೇರಿಸಿ ಚಿಪ್ಪು ಎನ್ನುತ್ತಾರೆ. ಚಿಪ್ಪೆಂದರೆ ನಮ್ಮ ಭಾಷೆಯಲ್ಲಿ ಮುತ್ತಿನದೂ ಉಂಟು, ತೆಂಗಿನದೂ ಉಂಟು, ಆಮೆಯದೂ ಉಂಟು. ಹೊರಗೆ ಗಟ್ಟಿಯಾಗಿದ್ದು ಒಳಗೆ ಬೆಲೆಯುಳ್ಳದ್ದನ್ನು ಕಾಪಾಡತಕ್ಕ ವಸ್ತುವಿಗೆ ಈ ಹೆಸರು ಒಪ್ಪುವುದೆಂದು ನಾನು ಅವರನ್ನು ತಿದ್ದಲಿಲ್ಲ.

ಈ ಚಿಪ್ಪಿನ ಕಸುಬು ಇಷ್ಟೇ: ಒಂದು ಯಂತ್ರವು ಮತ್ತೊಂದು ಯಂತ್ರಕ್ಕೆ ಹೇಳಬೇಕೆಂದಿರುವ ಮಾತನ್ನು ತನ್ನ ವಶಕ್ಕೆ ತೆಗೆದುಕೊಂಡು ತಂತಿಯ ಮೇಲೆ ಕ್ರಮವಾಗಿ ಹೊರಡಿಸುವುದು, ಮತ್ತು ಅತ್ತಲಿಂದ ಬರುವುದನ್ನು ಬರಮಾಡಿಕೊಳ್ಳುವುದು. ಬರಮಾಡಿಕೊಳ್ಳುವ ಕೆಲಸವನ್ನು ಇಲ್ಲಿ ಬಿಟ್ಟು ಹೊರಡಿಸುವ ಕೆಲಸವನ್ನು ಮಾತ್ರವೇ ಹೇಳುತ್ತೇನೆ. ಏಕೆಂದರೆ ನಮ್ಮ ಶಾಲೆಯ ಒಬ್ಬ ಹುಡುಗಿಯ ಮಾನವು ಕೆಲವು ದಿನಗಳ ತನಕ ಈ ಕೆಲಸವನ್ನು ನಾವು ಸರಿಯಾಗಿ ತಿಳಿದುಕೊಳ್ಳುವುದರ ಮೇಲೆ ನಿಂತಿತ್ತು.

ಮಳೆಮಾಪಕದ ಆಲೋಚನೆಯು ಹುಡುಗಿಯರದೇ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ನಾಡಿನ ಉದ್ದಗಲಕ್ಕೂ ನಿಲ್ಲಿಸಿರುವ ಮಾಪಕಗಳು 15 ನಿಮಿಷಕ್ಕೊಮ್ಮೆ ಮಳೆಯ ಅಳತೆಯನ್ನು ತಾವಾಗಿಯೇ ಕಳುಹಿಸುತ್ತವೆಂದು ಓದಿದ ಹತ್ತನೆಯ ತರಗತಿಯ ಬಾಲಿಕೆಯರು, ಪುಟ್ಟೇನಹಳ್ಳಿಯ ಮಳೆಯನ್ನು ತಾವೂ ಹಾಗೆಯೇ ಅಳೆಯಬೇಕೆಂದು ಹಟ ಹಿಡಿದರು. ಎಸ್.ಪಿ. ರಸ್ತೆಯ ಅಂಗಡಿಗಳಿಂದ ಸಾಮಾನುಗಳು ಬಂದವು. ಆಲಿಕೆ, ಓಲಾಡುವ ತಟ್ಟೆ, ಎಣಿಕೆ ಮಾಡುವ ಆರ್ಡುಯಿನೊ ಹಲಗೆ, ಎಣಿಸಿದ್ದನ್ನು ತೋರಿಸುವ ಬೆರಳಗಲದ ಪರದೆ, ಮತ್ತು ಈ ಚಿಪ್ಪನ್ನು ಬೆಸೆದಿದ್ದ ನೀಲಿ ಹಲಗೆ. ಮಾಳಿಗೆಯಿಂದ ಕಂಪ್ಯೂಟರ್ ಕೊಠಡಿಗೆ ಒಂದು ಕೇಬಲ್ಲನ್ನು ಇಳಿಬಿಟ್ಟರು. ಇಲ್ಲಿಯೂ 15 ನಿಮಿಷಕ್ಕೊಮ್ಮೆ, ಅಂದರೆ ದಿನಕ್ಕೆ 96 ಸಲ, ಒಂದೊಂದು ಅಂಕಿಯು ಕೆಳಗಿನ ಕಂಪ್ಯೂಟರಿಗೆ ಹೋಗಬೇಕೆಂಬುದು ಏರ್ಪಾಟು.

ಚಿಪ್ಪಿನ ಹೆಸರು ಇ.ಎನ್.ಸಿ.28ಜೆ60, ಅಮೆರಿಕದ ಮೈಕ್ರೋಚಿಪ್ ಎಂಬ ಕಂಪನಿಯದು. ಇದರ ಜಾತಿಗೆ ಈಥರ್ನೆಟ್ ಕಂಟ್ರೋಲರ್ ಎಂದು ಹೆಸರು. ಈಥರ್ ಎಂದರೆ, ಬೆಳಕಿನ ಅಲೆಗಳು ಶೂನ್ಯದಲ್ಲಿ ಯಾವುದರ ಮೇಲೆ ಸಾಗುತ್ತವೆಂದು ಹಿಂದಿನ ವಿಜ್ಞಾನಿಗಳು ಊಹಿಸಿದ್ದರೋ ಆ ಸರ್ವವ್ಯಾಪಿಯಾದ ವಸ್ತು. ಅಂಥದೊಂದು ಇದ್ದರೆ ಕಾಣಬೇಕಾಗಿದ್ದ ಪರಿಣಾಮವು 1887ರಲ್ಲಿ ಮೈಕೆಲ್ಸನ್ ಮತ್ತು ಮಾರ್ಲಿ ಎಂಬವರು ಮಾಡಿದ ಪ್ರಯೋಗದಲ್ಲಿ ಕಾಣಲಿಲ್ಲ; ಕ್ರಮೇಣ ಆ ಊಹೆಯನ್ನು ಭೌತಶಾಸ್ತ್ರವು ಕೈಬಿಟ್ಟಿತು. ಹೀಗೆ ಅನಾಥವಾಗಿದ್ದ ಹೆಸರನ್ನು 1973ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಮೆಟ್ಕಾಫ್ ಎಂಬವರು ಎತ್ತಿಕೊಂಡು, ಹಲವು ಯಂತ್ರಗಳು ಒಂದೇ ಕೇಬಲ್ಲನ್ನು ಹಂಚಿಕೊಂಡು ಮಾತನಾಡುವ ತಮ್ಮ ಏರ್ಪಾಟಿಗೆ ಇಟ್ಟರು. ಇಲ್ಲದ ವಸ್ತುವಿನ ಹೆಸರು ಇರುವ ವಸ್ತುವಿಗೆ ಬಂದು ಐವತ್ತು ವರ್ಷಗಳ ಮೇಲಾಯಿತು. 1983ರಲ್ಲಿ ಅದಕ್ಕೆ 802.3 ಎಂಬ ಸಂಖ್ಯೆಯ ನಿಯಮಾವಳಿ ಏರ್ಪಟ್ಟಿತು. ನಮ್ಮ ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ಟೆಕ್ಸಸ್ ಇನ್ಸ್‌ಟ್ರುಮೆಂಟ್ಸ್ ಕಂಪನಿಯು 1985ರಲ್ಲಿ ಇಲ್ಲಿ ಚಿಪ್ಪುಗಳ ರಚನೆಗಾಗಿ ಕಚೇರಿಯನ್ನು ತೆರೆಯಿತು. 1986ರಲ್ಲಿ ಪ್ರಾರಂಭವಾದ ಎರ್ನೆಟ್ ಎಂಬ ವಿದ್ಯಾಜಾಲದ ಮೊದಲ ಸಂಸ್ಥೆಗಳಲ್ಲಿ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಈಗ ಈ ಊರಿನ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಇಂತಹ ಚಿಪ್ಪುಗಳ ಒಳಗನ್ನು ರಚಿಸುವುದರಲ್ಲಿಯೂ ಪರೀಕ್ಷಿಸುವುದರಲ್ಲಿಯೂ ಜೀವನವನ್ನು ಸಾಗಿಸುತ್ತಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಬ್ಬಳುಂಟು. ಆಕೆಯ ಮಾತು ಮುಂದೆ ಬರುವುದು.

ಇನ್ನು ಚಿಪ್ಪಿನ ಕೆಲಸವನ್ನು ನೋಡೋಣ. ಅದರೊಳಗೆ 8192 ಬೈಟುಗಳಷ್ಟು ಜ್ಞಾಪಕಸ್ಥಳವಿದೆ. ಒಂದು ಬೈಟೆಂದರೆ ಸುಮಾರಾಗಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಬೇಕಾಗುವಷ್ಟು ಎಡೆ. ಈ ಸ್ಥಳವನ್ನು ಬರುವ ಮಾತಿಗೆ ಇಷ್ಟು, ಹೋಗುವ ಮಾತಿಗೆ ಇಷ್ಟು ಎಂದು ಪಾಲುಮಾಡಿಕೊಡುವುದು ಯಂತ್ರದ ಕಾರ್ಯಕ್ರಮವನ್ನು ಬರೆಯುವವರ ಹೊಣೆ. ಎಣಿಕೆಯ ಹಲಗೆಯು ತಾನು ಹೇಳಬೇಕಾದುದನ್ನು ಸಣ್ಣ ತಂತಿಗಳ ಮೂಲಕ ಒಂದೊಂದೇ ಬಿಟ್ಟಾಗಿ ಚಿಪ್ಪಿನ ಈ ಕಣಜಕ್ಕೆ ಸುರಿಯುತ್ತದೆ. ಮೊದಲಿಗೆ, ಹೇಗೆ ಕಳುಹಿಸಬೇಕೆಂಬ ಸೂಚನೆಯ ಒಂದು ಬೈಟು. ಆಮೇಲೆ ಯಾರಿಗೆಂಬ ವಿಳಾಸ 6 ಬೈಟು. ಯಾರಿಂದೆಂಬ ವಿಳಾಸ 6 ಬೈಟು. ಒಳಗಿರುವುದು ಯಾವ ಬಗೆಯ ಮಾತೆಂಬ ಗುರುತು 2 ಬೈಟು. ಆ ಮೇಲೆ ಮಾತು. ಇದಾದ ಬಳಿಕ, ಸಂದೇಶವು ಕಣಜದಲ್ಲಿ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆಂಬ ಎರಡು ಗುರುತುಗಳನ್ನು ಚಿಪ್ಪಿಗೆ ಹೇಳಿ, ಕೊನೆಗೆ ಒಂದೇ ಒಂದು ಬಿಟ್ಟನ್ನು ಮೇಲೆತ್ತಬೇಕು. ತರಗತಿಯಲ್ಲಿ ಕೈಯೆತ್ತಿದಂತೆಯೇ ಸರಿ. ಅಲ್ಲಿಂದ ಮುಂದೆ ಎಣಿಕೆಯ ಹಲಗೆಯು ಏನನ್ನೂ ಮಾಡಬೇಕಾದುದಿಲ್ಲ, ಮಾಡಲೂ ಕೂಡದು.

ವಿಳಾಸದ ವಿಷಯದಲ್ಲಿ ಒಂದು ಮಾತು. ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿಗಳು ಎರಡು. ನಮ್ಮದು ದಕ್ಷಿಣದಲ್ಲಿ ಜೆ.ಪಿ. ನಗರದ 7ನೆಯ ಹಂತಕ್ಕೆ ಸೇರಿಕೊಂಡದ್ದು. ಇನ್ನೊಂದು ಉತ್ತರದಲ್ಲಿ ಯಲಹಂಕದ ಬಳಿಯದು. ಎರಡರಲ್ಲಿಯೂ ಪುಟ್ಟೇನಹಳ್ಳಿ ಕೆರೆ ಎಂಬ ಕೆರೆಯುಂಟು, ಎರಡರಲ್ಲಿಯೂ ಹಕ್ಕಿಗಳುಂಟು! ಪಿನ್ ಸಂಖ್ಯೆಯನ್ನು ಬರೆಯದೆ ಹೆಸರನ್ನು ಮಾತ್ರ ನಂಬಿದವರ ಗತಿಯನ್ನು ನಮ್ಮ ಕಚೇರಿಯ ಗುಮಾಸ್ತರನ್ನು ಕೇಳಿದರೆ ಹೇಳಿಯಾರು. ಈಥರ್ನೆಟ್ಟಿನವರು ಈ ತೊಡಕನ್ನು ಮೊದಲೇ ಯೋಚಿಸಿ, ಪ್ರತಿಯೊಂದು ಯಂತ್ರಕ್ಕೂ 48 ಬಿಟ್ಟಿನ ವಿಳಾಸವನ್ನು ವಿಧಿಸಿದರು. ಅದರ ಮೊದಲರ್ಧವನ್ನು ತಯಾರಕರಿಗೆ ಐ.ಇ.ಇ.ಇ. ಸಂಸ್ಥೆಯು ಹಂಚುವುದು, ಎರಡನೆಯರ್ಧವನ್ನು ತಯಾರಕರು ಯಂತ್ರಕ್ಕೊಂದರಂತೆ ಕೊಡುವುದು. ನಮ್ಮ ಈ ಚಿಪ್ಪಾದರೋ ಸ್ವಂತ ವಿಳಾಸವಿಲ್ಲದೆ ಹುಟ್ಟಿದುದು. ಆದುದರಿಂದ ಹುಡುಗಿಯರೇ ಅದಕ್ಕೊಂದನ್ನು ಕೊಡಬೇಕಾಯಿತು. ಹಾಗೆ ಮನೆಯಲ್ಲಿಟ್ಟುಕೊಂಡ ವಿಳಾಸಕ್ಕೆ ಗುರುತಾಗಿ ಮೊದಲ ಬೈಟಿನ ಒಂದು ನಿರ್ದಿಷ್ಟ ಬಿಟ್ಟನ್ನು ಏರಿಸಿಡಬೇಕೆಂಬ ನಿಯಮವಿದೆ. ನಮ್ಮದು 02 ಎಂದು ಮೊದಲಾಗುತ್ತದೆ.

ಬಿಟ್ಟು ಮೇಲೆದ್ದೊಡನೆ ಚಿಪ್ಪು ತಂತಿಗೆ ಧುಮುಕುವುದಿಲ್ಲ. ಹಿಂದಿನ ಸಂದೇಶದ ಬಾಲಕ್ಕೂ ಇದರ ತಲೆಗೂ ನಡುವೆ 96 ಬಿಟ್ಟುಗಳ ಕಾಲದಷ್ಟು ಮೌನವಿರಬೇಕು. ಸೆಕೆಂಡಿಗೆ ಒಂದು ಕೋಟಿ ಬಿಟ್ಟುಗಳ ವೇಗದಲ್ಲಿ ನಡೆಯುವ ಈ ಚಿಪ್ಪಿಗೆ ಅದು ಸೆಕೆಂಡಿನ ಹತ್ತು ಲಕ್ಷದಲ್ಲಿ 9.6 ಭಾಗ. ಆಮೇಲೆ ಒಂದು, ಸೊನ್ನೆ, ಒಂದು, ಸೊನ್ನೆ ಎಂದು 7 ಬೈಟುಗಳ ಕಾಲ ತಾಳವನ್ನು ಹಾಕುತ್ತದೆ. ಇದರಲ್ಲಿ ಅರ್ಥವೇನೂ ಇಲ್ಲ, ಆ ಕಡೆಯವರು ತಮ್ಮ ಗಡಿಯಾರವನ್ನು ಈ ತಾಳಕ್ಕೆ ಹೊಂದಿಸಿಕೊಳ್ಳಲೆಂದು ಮಾತ್ರ. ಎಂಟನೆಯ ಬೈಟಿನ ಕೊನೆಯಲ್ಲಿ ಎರಡು ಒಂದುಗಳು ಜೊತೆಯಾಗಿ ಬಂದಾಗ, ಇನ್ನು ಮುಂದಿನದು ನಿಜವಾದ ಮಾತು ಎಂದು ತಿಳಿಯತಕ್ಕದ್ದು. ಸಂಗೀತ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಾತು ಹೊರಟ ಮೇಲೆ ನಡುವೆ ನಿಲ್ಲುವಂತಿಲ್ಲ. ಇದನ್ನು ನಾನು ಹುಡುಗಿಯರಿಗೆ ಕೆರೆಯ ತೂಬನ್ನು ತೋರಿಸಿ ಹೇಳಿದೆನು. ಹಿಂದೆ ನಮ್ಮ ಸೀಮೆಯ ಊರುಗಳಲ್ಲಿ ನೀರುಗಂಟಿ ಎಂಬವನಿದ್ದು, ಕೆರೆಯ ತೂಬನ್ನು ಎತ್ತುವುದೂ ಇಳಿಸುವುದೂ ಅವನ ಹಕ್ಕಾಗಿತ್ತು. ಕೆರೆಯಲ್ಲಿ ಸಾಕಷ್ಟು ನೀರಿಲ್ಲದೆ ತೂಬನ್ನು ಎತ್ತಿದರೆ ಕಾಲುವೆಯು ನಡುದಾರಿಯಲ್ಲಿ ಬತ್ತಿ, ಕಡೆಯ ಗದ್ದೆಗೆ ನೀರು ಮುಟ್ಟದೆ ಹೋಗುತ್ತದೆ. ಅರ್ಧ ನೆನೆದ ಗದ್ದೆಯಿಂದ ಪ್ರಯೋಜನವಿಲ್ಲ. ನಮ್ಮ ಚಿಪ್ಪು ಜಾಗರೂಕನಾದ ನೀರುಗಂಟಿಯಂತೆ ಪೂರ್ತಿ ಸಂದೇಶವು ಕಣಜದಲ್ಲಿ ಸೇರಿದ ಮೇಲೆಯೇ ಹೊರಡಿಸುತ್ತದೆ. ಸೆಕೆಂಡಿಗೆ ನೂರು ಕೋಟಿ ಬಿಟ್ಟುಗಳನ್ನು ಸಾಗಿಸುವ ದೊಡ್ಡ ಚಿಪ್ಪುಗಳಲ್ಲಿ ಕೆಲವು, ಸಂದೇಶದ ಒಂದು ಭಾಗವು ಬಂದು ನಿಗದಿಯಾದ ಗೆರೆಯನ್ನು ಮುಟ್ಟಿದೊಡನೆ, ಉಳಿದದ್ದು ಬರುತ್ತಲೇ ಇರುವುದೆಂಬ ನಂಬಿಕೆಯಿಂದ ತೂಬನ್ನು ಎತ್ತಿಬಿಡುವುದುಂಟು. ಆ ನಂಬಿಕೆ ಸುಳ್ಳಾದರೆ ಸಂದೇಶವನ್ನು ಬೇಕೆಂದೇ ಕೆಡಿಸಿ ಕಳುಹಿಸಿ, ಅತ್ತಲಿನವರು ಅದನ್ನು ಎಸೆಯುವಂತೆ ಮಾಡಿ, ಗೆರೆಯನ್ನು ಮೇಲಕ್ಕೆ ಏರಿಸಿಕೊಂಡು ಮತ್ತೆ ಯತ್ನಿಸಬೇಕು.

ಸಂದೇಶವು ಸಾಗುತ್ತಿರುವಾಗಲೇ ಚಿಪ್ಪು ಮತ್ತೆರಡು ಕೆಲಸಗಳನ್ನು ಮಾಡುತ್ತಿರುತ್ತದೆ. ಮಾತು ತೀರ ಚಿಕ್ಕದಾಗಿದ್ದರೆ ಕೊನೆಯಲ್ಲಿ ಸೊನ್ನೆಗಳನ್ನು ತುಂಬಿ 60 ಬೈಟಿಗೆ ಹಿಗ್ಗಿಸುತ್ತದೆ. ಹಾಗೂ, ಹಾದುಹೋಗುವ ಒಂದೊಂದು ಬಿಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಂದು ದೊಡ್ಡ ಭಾಗಾಕಾರವನ್ನು ಮಾಡುತ್ತ ಹೋಗಿ, ಕಡೆಯಲ್ಲಿ ಉಳಿದ ಶೇಷವನ್ನು 4 ಬೈಟುಗಳಾಗಿ ಬಾಲಕ್ಕೆ ಅಂಟಿಸುತ್ತದೆ. ಗುಣಾಕಾರವು ಸರಿಯೋ ತಪ್ಪೋ ಎಂದು ಹಿಂದಿನ ಉಪಾಧ್ಯಾಯರು ಒಂಬತ್ತನ್ನು ಕಳೆದು ತಾಳೆ ನೋಡುತ್ತಿದ್ದರಲ್ಲವೇ? ಇದೂ ಅದೇ ವಂಶದ್ದು, ಆದರೆ ಬಹಳ ಬಿಗಿಯಾದುದು. ಅತ್ತಲಿನ ಚಿಪ್ಪು ತಾನೂ ಅದೇ ಲೆಕ್ಕವನ್ನು ಮಾಡಿ, ಶೇಷಗಳು ಹೊಂದದಿದ್ದರೆ ಸಂದೇಶವನ್ನು ಸದ್ದಿಲ್ಲದೆ ಎಸೆದುಬಿಡುತ್ತದೆ. ಸದ್ದಿಲ್ಲದೆ ಎಂಬುದನ್ನು ವಾಚಕಿಯರು ನೆನಪಿನಲ್ಲಿಟ್ಟುಕೊಳ್ಳಬೇಕು. ಎಸೆದೆನೆಂದು ಕಳುಹಿಸಿದವರಿಗೆ ಅದು ತಿಳಿಸುವುದಿಲ್ಲ.

ಅರವತ್ತು ಮತ್ತು ನಾಲ್ಕು, ಒಟ್ಟು 64 ಬೈಟುಗಳಿಗೆ ಕಡಮೆಯಾಗಬಾರದೆಂಬ ನಿಯಮವು ಏಕೆ? ಇದರ ಕಾರಣವು ನನಗೆ ಬಹು ಮೆಚ್ಚಿಗೆಯಾದುದು. ಮೊದಲಿನ ಕಾಲದಲ್ಲಿ ಹಲವು ಯಂತ್ರಗಳಿಗೆ ಒಂದೇ ಕೇಬಲ್ಲು. ಆದುದರಿಂದ ಮಾತನಾಡುವ ಮೊದಲು ಯಾರಾದರೂ ಮಾತನಾಡುತ್ತಿದ್ದಾರೆಯೇ ಎಂದು ಕೇಳಿಸಿಕೊಳ್ಳಬೇಕು. ಹಾಗೆ ಕೇಳಿಯೂ ಇಬ್ಬರು ಒಂದೇ ಕ್ಷಣದಲ್ಲಿ ತೊಡಗಿದರೆ ಎರಡು ಮಾತೂ ಕೆಡುತ್ತವೆ. ಆಗ ಇಬ್ಬರೂ ನಿಲ್ಲಿಸಿ, ಕೆಟ್ಟಿತೆಂದು ಎಲ್ಲರಿಗೂ ತಿಳಿಯುವಂತೆ 32 ಬಿಟ್ಟುಗಳ ಗದ್ದಲವನ್ನು ಎಬ್ಬಿಸಿ, ಮನಬಂದಷ್ಟು ಹೊತ್ತು ಕಾದು ಮತ್ತೆ ತೊಡಗಬೇಕು. ನಮ್ಮ ತರಗತಿಯಲ್ಲಿ ಇಬ್ಬರು ಹುಡುಗಿಯರು ಒಟ್ಟಿಗೆ ಉತ್ತರ ಹೇಳಲಾರಂಭಿಸಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಆರಂಭಿಸಿ ನಗುವುದುಂಟು. ಚಿಪ್ಪುಗಳಿಗೆ ಹಾಗಾಗದಂತೆ, ಒಂದೊಂದೂ ತನ್ನಷ್ಟಕ್ಕೆ ಚೀಟಿಯೆತ್ತುವಂತೆ ಕಾಯುವ ಕಾಲವನ್ನು ಆರಿಸಿಕೊಳ್ಳುತ್ತದೆ. ಮೊದಲ ಘರ್ಷಣೆಯಾದರೆ ಎರಡು ಚೀಟಿಗಳಲ್ಲಿ ಒಂದು, ಎರಡನೆಯದಾದರೆ ನಾಲ್ಕರಲ್ಲಿ ಒಂದು, ಮೂರನೆಯದಾದರೆ ಎಂಟರಲ್ಲಿ ಒಂದು, ಹೀಗೆ 1024ರ ತನಕ ಹೆಚ್ಚುತ್ತದೆ. 16 ಯತ್ನಗಳೂ ಸೋತರೆ ಕೈಬಿಟ್ಟು, ಆಗಲಿಲ್ಲವೆಂದು ಒಪ್ಪಿಕೊಳ್ಳುತ್ತದೆ. ಆದರೆ ತಾನು ಮಾತನಾಡಿ ಮುಗಿಸಿದ ಮೇಲೆ ಘರ್ಷಣೆಯ ಸುದ್ದಿ ಬಂದರೆ ಅದು ತನ್ನ ಮಾತಿನದೇ ಎಂದು ಗೊತ್ತಾಗುವ ಬಗೆ ಹೇಗೆ? ಕೇಬಲ್ಲಿನ ಕೊಟ್ಟಕೊನೆಗೆ ಹೋಗಿ ಸುದ್ದಿ ಹಿಂದಿರುಗುವಷ್ಟು ಕಾಲವಾದರೂ ಮಾತು ನಡೆಯುತ್ತಿರಬೇಕು. ಆ ಕಾಲವನ್ನು 512 ಬಿಟ್ಟುಗಳೆಂದು, ಅಂದರೆ 64 ಬೈಟುಗಳೆಂದು ಗೊತ್ತುಮಾಡಿದರು. ಈಗಿನ ವೇಗದ ಜಾಲಗಳಲ್ಲಿ ಹಂಚಿಕೊಳ್ಳುವ ಕೇಬಲ್ಲೇ ಇಲ್ಲದಿದ್ದರೂ ಸೊನ್ನೆಗಳನ್ನು ತುಂಬುವ ಈ ಪದ್ಧತಿಯು ಹಾಗೆಯೇ ಉಳಿದುಕೊಂಡಿದೆ.

ಈಗ ನಡುವೆ ಸ್ವಿಚ್ಚು ಎಂಬ ಪೆಟ್ಟಿಗೆಯಿರುತ್ತದೆ. ಪ್ರತಿಯೊಂದು ಯಂತ್ರಕ್ಕೂ ಅದರಿಂದ ಬೇರೆಯದೇ ಕೇಬಲ್ಲು, ಕೇಬಲ್ಲಿನೊಳಗೆ ಹೋಗಲು ಒಂದು ಜೊತೆ ತಂತಿ, ಬರಲು ಇನ್ನೊಂದು ಜೊತೆ. ಆದಕಾರಣ ಇಬ್ಬರೂ ಒಮ್ಮೆಗೇ ಮಾತನಾಡಬಹುದು. ಇದಕ್ಕೆ ಪೂರ್ಣ ಡ್ಯೂಪ್ಲೆಕ್ಸ್ ಎಂದೂ, ಒಬ್ಬರಾದ ಮೇಲೊಬ್ಬರು ಎಂಬ ಹಳೆಯ ಪದ್ಧತಿಗೆ ಅರ್ಧ ಡ್ಯೂಪ್ಲೆಕ್ಸ್ ಎಂದೂ ಹೆಸರು. ಪೂರ್ಣ ಪದ್ಧತಿಯಲ್ಲಿ ಚಿಪ್ಪು ಹೊರಡುವ ಮೊದಲು ಕಿವಿಗೊಡುವುದೂ ಇಲ್ಲ, ಘರ್ಷಣೆಯನ್ನು ಲಕ್ಷಿಸುವುದೂ ಇಲ್ಲ.

ಕಳುಹಿಸಿ ಮುಗಿದ ಮೇಲೆ ಚಿಪ್ಪು ಎತ್ತಿದ ಬಿಟ್ಟನ್ನು ತಾನೇ ಕೆಳಗಿಳಿಸಿ, ಎಣಿಕೆಯ ಹಲಗೆಯನ್ನು ಎಚ್ಚರಿಸಿ, ಸಂದೇಶದ ಬೆನ್ನಿಗೇ 7 ಬೈಟುಗಳ ಒಂದು ವರದಿಯನ್ನು ಕಣಜದಲ್ಲಿ ಬರೆದಿಡುತ್ತದೆ: ಎಷ್ಟು ಬೈಟು ಹೋಯಿತು, ಎಷ್ಟು ಸಲ ಘರ್ಷಣೆಯಾಯಿತು, ಕೈಬಿಡಬೇಕಾಯಿತೇ, ಮುಗಿಯಿತೇ. ಅಷ್ಟಾದ ಮೇಲೆ ಹಲಗೆಯು ಚಿಕ್ಕ ಪರದೆಯಲ್ಲಿ “ಕಳುಹಿಸಿದೆ” ಎಂದು ತೋರಿಸುವಂತೆ ಹುಡುಗಿಯರು ಏರ್ಪಡಿಸಿದ್ದರು.

ಈಗ ಆ ಸಂಗತಿ. ಮಾಪಕವನ್ನು ನೋಡಿಕೊಳ್ಳುವ ಸರದಿ ಹೆಚ್ಚಾಗಿ ಒಬ್ಬ ಹುಡುಗಿಯದಾಗಿತ್ತು. ಆಕೆಯ ತಾಯಿಯು ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರುವಾಕೆ. ಮಗಳು ಬೆಳಗ್ಗೆ ಬೇಗ ಬಂದು ಸಂಜೆ ತಡವಾಗಿ ಹೋಗುವವಳು. ಆಕೆಯು ಯಾರೂ ಹೇಳದೆಯೇ ಒಂದು ನೋಟ್ ಪುಸ್ತಕವನ್ನಿಟ್ಟು, ಪರದೆಯಲ್ಲಿ ಕಂಡ ಅಂಕಿಯನ್ನು ಗಂಟೆ ನಿಮಿಷಗಳ ಸಹಿತ ಬರೆಯುತ್ತಿದ್ದಳು. ಅಕ್ಟೋಬರ್ ತಿಂಗಳಲ್ಲಿ ಒಂದು ವಿಜ್ಞಾನ ಪ್ರದರ್ಶನಕ್ಕೆ ಮಾಪಕವನ್ನೂ ಪುಸ್ತಕವನ್ನೂ ಕಂಪ್ಯೂಟರಿನ ಪಟ್ಟಿಯನ್ನೂ ಒಯ್ದೆವು. ತೀರ್ಪುಗಾರರೊಬ್ಬರು ಎರಡನ್ನೂ ಹೋಲಿಸಿ ನೋಡಿದರು. ಮಧ್ಯಾಹ್ನ ಚೆನ್ನಾಗಿ ಮಳೆ ಬಂದಿದ್ದ ಒಂದು ದಿನ ಎರಡು ಗಂಟೆಗಳ ಅವಧಿಗೆ ಪುಸ್ತಕದಲ್ಲಿ ಎಂಟು ಅಂಕಿಗಳಿದ್ದರೆ ಕಂಪ್ಯೂಟರಿನಲ್ಲಿ ಮೂರೇ ಇದ್ದವು. ಬೇರೆ ದಿನಗಳಲ್ಲಿಯೂ ಹಾಗೆಯೇ ಅಲ್ಲಲ್ಲಿ ಕೊರತೆ. “ಇವು ಮನೆಯಲ್ಲಿ ಕುಳಿತು ಬರೆದ ಅಂಕಿಗಳು. ಯಂತ್ರ ಸುಳ್ಳು ಹೇಳುವುದಿಲ್ಲ” ಎಂದು ಅವರು ನೆರೆದವರೆಲ್ಲರ ಮುಂದೆ ನುಡಿದು ಪುಸ್ತಕವನ್ನು ಮುಚ್ಚಿದರು. ಹುಡುಗಿಯು ಅಲ್ಲಿ ಅಳಲಿಲ್ಲ. ಮರುದಿನ ಬಂದು, ಇನ್ನು ಮುಂದೆ ತಾನು ವಿಜ್ಞಾನ ಸಂಘಕ್ಕೆ ಬರುವುದಿಲ್ಲವೆಂದು ಮಾತ್ರ ಹೇಳಿದಳು.

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಹುಡುಗಿಯರ ನಡುವೆ ಇದ್ದವಳಿಗೆ, ಕಟ್ಟಿ ಬರೆದ ಅಂಕಿಗಳ ಪುಸ್ತಕವು ಹೇಗಿರುತ್ತದೆಂದು ಗೊತ್ತು. ಅದರಲ್ಲಿ ಒಂದೇ ಶಾಯಿ, ಒಂದೇ ಅಕ್ಷರದ ಓಟ. ಈ ಪುಸ್ತಕದಲ್ಲಿಯಾದರೋ ಮಳೆಯ ಹನಿ ಬಿದ್ದು ಹರಡಿದ ಕಲೆಗಳಿದ್ದವು. ಆದರೂ ಮುಖ್ಯೋಪಾಧ್ಯಾಯಿನಿಯ ನಂಬಿಕೆಯು ಪ್ರಮಾಣವಾಗಲಾರದು. ನಾನು ಪುಸ್ತಕವನ್ನು ತೆಗೆದುಕೊಂಡು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿ, ಮೇಲೆ ಹೇಳಿದ ಹಳೆಯ ವಿದ್ಯಾರ್ಥಿನಿಗೆ ಹೇಳಿಕಳುಹಿಸಿದೆನು. ಆಕೆಯು ಈ ಊರಿನಲ್ಲಿಯೇ, ಇಂತಹ ಚಿಪ್ಪುಗಳು ತಯಾರಾಗುವ ಮೊದಲು ಅವುಗಳ ರಚನೆಯನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾಳೆ.

ಆಕೆಯು ಶನಿವಾರ ಬಂದಳು. ಯಂತ್ರವನ್ನು ಮುಟ್ಟದೆ ಮೊದಲು ಪುಸ್ತಕವನ್ನೇ ಓದಿದಳು. “ಮಿಸ್, ಈ ಹುಡುಗಿ ಗಂಟೆಯನ್ನೂ ಬರೆದಿದ್ದಾಳಲ್ಲ, ಅದು ದೊಡ್ಡ ಉಪಕಾರ. ಕಳೆದುಹೋದವೆಲ್ಲ ಮಧ್ಯಾಹ್ನದವು. ರಾತ್ರಿಯದು ಒಂದೂ ಹೋಗಿಲ್ಲ. ಮಧ್ಯಾಹ್ನ ಕೆಳಗೆ ಏನು ನಡೆಯುತ್ತದೆ?” ಎಂದು ಕೇಳಿದಳು. ಮಧ್ಯಾಹ್ನ ಕಂಪ್ಯೂಟರ್ ತರಗತಿಗಳು. ಉಪಾಧ್ಯಾಯಿನಿಯ ಪರದೆಯ ಚಿತ್ರವನ್ನು ಎಲ್ಲ ಕಂಪ್ಯೂಟರುಗಳಿಗೂ ಒಮ್ಮೆಗೇ ಬಿತ್ತರಿಸುವ ಏರ್ಪಾಟು ಅಲ್ಲಿದೆ. ಆ ಬಿತ್ತರವು ಸ್ವಿಚ್ಚಿನ ಎಲ್ಲ ಬಾಯಿಗಳಿಂದಲೂ ಹೊರಡುತ್ತದೆ, ಮಾಪಕದ ಕೇಬಲ್ಲಿಗೂ ಸಹ. ಇದನ್ನು ಕೇಳುತ್ತಲೇ ಆಕೆಯು ನಕ್ಕು, “ಹಾಗಾದರೆ ಇಬ್ಬರ ಒಪ್ಪಂದ ಬೇರೆಬೇರೆಯಾಗಿರಬೇಕು” ಎಂದಳು.

ಸಂಗತಿಯು ಹೀಗಿತ್ತು. ಸಾಮಾನ್ಯವಾಗಿ ಎರಡು ಯಂತ್ರಗಳನ್ನು ಕೇಬಲ್ಲಿನಿಂದ ಜೋಡಿಸಿದೊಡನೆ ಅವು ತಮ್ಮೊಳಗೆ ಮಾತನಾಡಿಕೊಂಡು, ಪೂರ್ಣ ಪದ್ಧತಿಯೋ ಅರ್ಧ ಪದ್ಧತಿಯೋ ಎಂದು ಗೊತ್ತುಮಾಡಿಕೊಳ್ಳುತ್ತವೆ. ನಮ್ಮ ಈ ಚಿಪ್ಪಿಗೆ ಆ ಸಂಧಾನವು ಬಾರದು. ಕಾರ್ಯಕ್ರಮದಲ್ಲಿ ಬರೆದಂತೆ ನಡೆಯುವುದೊಂದೇ ಗೊತ್ತು. ಸಂಧಾನಕ್ಕೆ ಉತ್ತರವೇ ಬಾರದಿದ್ದರೆ ಸ್ವಿಚ್ಚು ನಿಯಮದಂತೆ ಅರ್ಧ ಪದ್ಧತಿಯನ್ನೇ ಹಿಡಿಯುತ್ತದೆ. ಹಲಗೆಯ ಜೊತೆಗೆ ಸಿಕ್ಕಿದ್ದ ಮಾದರಿ ಕಾರ್ಯಕ್ರಮದಲ್ಲಿಯೋ, ಪೂರ್ಣ ಪದ್ಧತಿಯೆಂದು ಬರೆದಿತ್ತು. ಹೀಗಿರಲಾಗಿ ಚಿಪ್ಪು, ಎದುರಿನಿಂದ ಮಾತು ಬರುತ್ತಿದ್ದರೂ ಲೆಕ್ಕಿಸದೆ ತನ್ನದನ್ನು ಹೇಳುತ್ತಿತ್ತು. ಸ್ವಿಚ್ಚು, ತಾನು ಮಾತನಾಡುತ್ತಿರುವಾಗ ಕೇಳಿಬಂದದ್ದೆಲ್ಲವನ್ನೂ ಘರ್ಷಣೆಯೆಂದೆಣಿಸಿ ಎಸೆಯುತ್ತಿತ್ತು. ತಂತಿಗಳ ಜೊತೆಗಳು ಎರಡಿರುವುದರಿಂದ ಮಾತು ನಿಜವಾಗಿ ಕೆಟ್ಟಿರಲಿಲ್ಲ. ನಿಯಮದ ಪ್ರಕಾರ ಕೆಟ್ಟಿತ್ತು. ರಾತ್ರಿ ಸ್ವಿಚ್ಚು ಬಹುಮಟ್ಟಿಗೆ ಮೌನವಾಗಿರುವುದರಿಂದ ತೊಂದರೆಯಿರಲಿಲ್ಲ. ಮಧ್ಯಾಹ್ನ ಅದು ಎಡೆಬಿಡದೆ ಮಾತನಾಡುತ್ತಿದ್ದುದರಿಂದ ಅರ್ಧಕ್ಕೂ ಹೆಚ್ಚು ಅಂಕಿಗಳು ಮಣ್ಣುಪಾಲಾದವು. ಚಿಪ್ಪಿನ ವರದಿಯನ್ನು ತೆರೆದು ನೋಡಿದರೆ ಪ್ರತಿಯೊಂದರಲ್ಲಿಯೂ ಒಂದೇ ಬರಹ: ಘರ್ಷಣೆ ಸೊನ್ನೆ, ಮುಗಿಯಿತು.

“ಏನಮ್ಮಾ, ಹಾಗಾದರೆ ಇದು ಸುಳ್ಳು ಹೇಳಿತೆ?” ಎಂದೆನು.

“ಇಲ್ಲ ಮಿಸ್. ತಂತಿಗೆ ಒಪ್ಪಿಸಿದೆ ಎಂದಿತು. ಒಪ್ಪಿಸಿದ್ದು ನಿಜ. ತಲುಪಿತು ಎಂದು ಅದು ಯಾವತ್ತೂ ಹೇಳಲೇ ಇಲ್ಲ. ಪರದೆಯನ್ನು ಓದಿದವರು ಹಾಗೆ ಅರ್ಥಮಾಡಿಕೊಂಡರು.”

ತಾನು ಹೇಳಿದುದನ್ನು ಆಕೆಯು ಎಲ್ಲರೆದುರಿಗೆ ಮಾಡಿ ತೋರಿಸಿದಳು. ಮೇಲೆ ಹೇಳಿದ ಹುಡುಗಿಯನ್ನೂ ಕರೆಯಿಸಿದ್ದೆವು; ಆಕೆಯು ಬಾಗಿಲಿನ ಹತ್ತಿರವೇ ನಿಂತಿದ್ದಳು. ಬಿತ್ತರವನ್ನು ನಿಲ್ಲಿಸಿ ಸೆಕೆಂಡಿಗೊಂದರಂತೆ ನೂರು ಸಂದೇಶಗಳನ್ನು ಕಳುಹಿಸಿದಾಗ ನೂರೂ ಬಂದವು. ಬಿತ್ತರವನ್ನು ಹೊರಡಿಸಿ ಕಳುಹಿಸಿದಾಗ ಪರದೆಯಲ್ಲಿ ನೂರು ಎಂದಿದ್ದರೂ ಕೆಳಗೆ ಅರ್ಧವೂ ಬರಲಿಲ್ಲ. ಆಮೇಲೆ ಕಾರ್ಯಕ್ರಮದಲ್ಲಿ ಪದ್ಧತಿಯನ್ನು ಅರ್ಧವೆಂದು ತಿದ್ದಿದರು. ಚಿಪ್ಪಿನೊಳಗೆ ಎರಡು ಕಡೆಗಳಲ್ಲಿ ತಿದ್ದಬೇಕಾಗುತ್ತದೆ, ಎರಡೂ ಒಂದಕ್ಕೊಂದು ಹೊಂದಬೇಕು. ಬಿತ್ತರವು ನಡೆಯುತ್ತಿರುವಾಗಲೇ ಮತ್ತೆ ನೂರು. ಈ ಸಲ ವರದಿಯಲ್ಲಿ ಘರ್ಷಣೆ ಒಂದು, ಘರ್ಷಣೆ ಎರಡು, ಘರ್ಷಣೆ ಸೊನ್ನೆ, ಘರ್ಷಣೆ ಮೂರು ಎಂದು ಬರಲಾರಂಭಿಸಿತು. ಚಿಪ್ಪು ನಿಂತು, ಕಾದು, ಮತ್ತೆ ಹೇಳುತ್ತಿತ್ತು. ಕೆಳಗೆ ನೂರೂ ಬಂದವು. ಬಾಗಿಲಿನ ಹತ್ತಿರ ನಿಂತಿದ್ದವಳು ಯಾವಾಗ ಮೇಜಿನ ಬಳಿಗೆ ಬಂದಳೋ ನಾನು ಕಾಣೆ.

ಅಂದು ಚಹಾದ ಹೊತ್ತಿಗೆ, ತನ್ನ ಕಚೇರಿಯ ದೊಡ್ಡ ಚಿಪ್ಪುಗಳ ವಿಷಯವನ್ನು ಆಕೆಯು ಹುಡುಗಿಯರಿಗೆ ತಿಳಿಸಿದಳು. ಅಲ್ಲಿ ಸಂದೇಶವನ್ನು ಚಿಪ್ಪಿನ ಕಣಜಕ್ಕೆ ಸುರಿಯುವುದಿಲ್ಲ. ಕಂಪ್ಯೂಟರಿನ ಮುಖ್ಯ ಜ್ಞಾಪಕದಲ್ಲಿಯೇ ಒಂದು ಸಾಲು ಚೀಟಿಗಳನ್ನು ವೃತ್ತಾಕಾರವಾಗಿ ಇಟ್ಟಿರುತ್ತಾರೆ. ಒಂದೊಂದು ಚೀಟಿಯಲ್ಲಿಯೂ ಸಂದೇಶವು ಎಲ್ಲಿದೆ, ಎಷ್ಟುದ್ದವಿದೆ ಎಂಬುದರ ಜೊತೆಗೆ, ಈಗ ಇದು ಯಾರ ಸ್ವತ್ತು ಎಂಬ ಒಂದು ಬಿಟ್ಟು ಇರುತ್ತದೆ. ಕಂಪ್ಯೂಟರು ಆ ಬಿಟ್ಟನ್ನು ಚಿಪ್ಪಿನ ಕಡೆಗೆ ತಿರುಗಿಸಿದ ಮೇಲೆ, ಚಿಪ್ಪು ಅದನ್ನು ಹಿಂದಿರುಗಿಸುವ ತನಕ, ಆ ಸಂದೇಶದ ಒಂದಕ್ಷರವನ್ನೂ ತಿದ್ದುವಂತಿಲ್ಲ. ತಿದ್ದಿದರೆ ಅರ್ಧ ಹಳೆಯದೂ ಅರ್ಧ ಹೊಸದೂ ಆದ ಸಂದೇಶವು ಸರಿಯಾದ ಶೇಷದೊಡನೆ ಹೊರಟು, ಅತ್ತಲಿನವರ ತಾಳೆಯಲ್ಲಿಯೂ ತೇರ್ಗಡೆಯಾಗಿಬಿಡುತ್ತದೆ. ಇಂತಹ ತಪ್ಪು ತಿಂಗಳಿಗೊಮ್ಮೆ ಕಾಣಿಸಿಕೊಂಡು ಮಾಯವಾಗುವುದೆಂದೂ, ತಾವು ವಾರಗಟ್ಟಲೆ ಅದನ್ನು ಬೆನ್ನಟ್ಟುವೆವೆಂದೂ ಆಕೆಯು ಹೇಳಿದಳು. ನಮ್ಮ ಹುಡುಗಿಯು, “ಅಕ್ಕಾ, ನೀವೂ ಗಂಟೆ ಬರೆದಿಡುತ್ತೀರಾ?” ಎಂದು ಕೇಳಿದಳು. ಬರೆದಿಡುತ್ತೇವೆ, ಎಂದಳು.

ಈಗ ಮಾಪಕದ ಕಾರ್ಯಕ್ರಮವನ್ನು ಹುಡುಗಿಯರೇ ಬದಲಾಯಿಸಿದ್ದಾರೆ. ಪ್ರತಿಯೊಂದು ಅಂಕಿಗೂ ಕ್ರಮಸಂಖ್ಯೆಯುಂಟು. ಕೆಳಗಿನ ಕಂಪ್ಯೂಟರು ಅದನ್ನು ಪಡೆದೊಡನೆ ಅದೇ ಸಂಖ್ಯೆಯನ್ನು ಹಿಂದಕ್ಕೆ ಕಳುಹಿಸುತ್ತದೆ. ಅದು ಬರುವ ತನಕ ಹಲಗೆಯು ಅಂಕಿಯನ್ನು ಅಳಿಸದೆ ಇಟ್ಟುಕೊಂಡು ಮತ್ತೆ ಮತ್ತೆ ಚಿಪ್ಪಿಗೆ ಕೊಡುತ್ತದೆ. ಇದು ಚಿಪ್ಪಿನ ಕೆಲಸವಲ್ಲ, ಚಿಪ್ಪನ್ನು ಬಳಸುವವರ ಕೆಲಸ. ಪರದೆಯಲ್ಲಿ ಒಂದರ ಬದಲಿಗೆ ಎರಡು ಸಾಲುಗಳು: ಕಳುಹಿಸಿದ್ದು, ತಲುಪಿದ್ದು. ನೋಟ್ ಪುಸ್ತಕದಲ್ಲಿಯೂ ಹಾಗೆಯೇ ಎರಡು ಅಂಕಣಗಳನ್ನು ಎಳೆದಿದ್ದಾರೆ.

ತೀರ್ಪುಗಾರರಿಗೆ ನಾನು ಸಂಗತಿಯನ್ನೆಲ್ಲ ವಿವರಿಸಿ, ಎರಡು ಪಟ್ಟಿಗಳ ನಕಲನ್ನೂ ಪ್ರಯೋಗದ ಫಲವನ್ನೂ ಇಟ್ಟು, ಸ್ಪೀಡ್ ಪೋಸ್ಟಿನಲ್ಲಿ ಒಂದು ಕಾಗದವನ್ನು ಕಳುಹಿಸಿದೆನು. ತಲುಪಿಸಿದೆವೆಂದು ಅಂಚೆಯವರಿಂದ ಸೂಚನೆ ಬಂದಿದೆ. ಉತ್ತರವು ಇನ್ನೂ ಬಂದಿಲ್ಲ. ಹುಡುಗಿಯು ಮಾತ್ರ ಮತ್ತೆ ಸಂಘಕ್ಕೆ ಬರುತ್ತಿದ್ದಾಳೆ. ಮಾಳಿಗೆಯ ಆಲಿಕೆಗೆ ಪಕ್ಕದ ಹೊಂಗೆಯ ಮರದಿಂದ ಎಲೆಗಳು ಬಿದ್ದು ಕಟ್ಟಿಕೊಳ್ಳುವುದರಿಂದ, ಬೆಳಗಿನ ಪ್ರಾರ್ಥನೆಯ ಗಂಟೆಗೆ ಮೊದಲು ಅದನ್ನು ತೆಗೆದು ಶುಚಿಮಾಡುವುದನ್ನು ತನ್ನ ಸರದಿಯಲ್ಲದ ದಿನಗಳಲ್ಲಿಯೂ ಆಕೆಯೇ ಮಾಡುತ್ತಿದ್ದಾಳೆ.